ಅಕ್ಷರ ಬಂತು, ಓದು ಬಂತಾ?

ಊಟಿಗೆ ಹೊರಟ ನಮ್ಮವರ ಕಾರುಗಳು ನಂಜನಗೂಡು ದಾಟಿ ಗುಂಡ್ಲುಪೇಟೆ ಮುಟ್ಟುವಾಗ ಒಳಗಿದ್ದವರಿಗೆಲ್ಲ ಒಂದೇ ಅವಸರ. ರಾತ್ರಿ ಒಂಬತ್ತರ ಒಳಗೆ ಬಂಡೀಪುರದ ಚೆಕ್‌ಪೋಸ್ಟ್ ದಾಟಬೇಕು, ಇಲ್ಲದಿದ್ದರೆ ಬೆಳಿಗ್ಗೆ ಆರರವರೆಗೆ ಕಾಯಬೇಕು. ಗುಂಡ್ಲುಪೇಟೆ ಬಿಟ್ಟ ಮೇಲೆ ಸಿಗುವ ಊರು ಹಂಗಳ. ಹೋಬಳಿ ಕೇಂದ್ರ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ದಾರಿ ಅಲ್ಲೇ. ಮಳೆಗಾಲದಲ್ಲಿ ಹೋದರೆ ಎರಡೂ ಕಡೆ ಚೆಂಡುಹೂವಿನ ಹೊಲ, ಹಳದಿ ಕೇಸರಿ ಹಾಸಿದ ಹಾಗೆ. ನಾವು ಇಳಿಯುತ್ತೇವೆ, ಫೋಟೊ ತೆಗೆಯುತ್ತೇವೆ, ಚಹಾ ಕುಡಿದು ಹೊರಡುತ್ತೇವೆ. ಆ ಹೊಲದಲ್ಲಿ ಹೂ ಬಿಡಿಸುವವರ ಮಕ್ಕಳು ಶಾಲೆಯಲ್ಲಿ ಎಂತ ಓದುತ್ತಾರೆ ಎಂದು ಕೇಳುವಷ್ಟು ಹೊತ್ತು ನಮಗೆ ಇರುವುದಿಲ್ಲ. ಈ ವಾರ ಆ ಮಕ್ಕಳ ಓದಿನಿಂದಲೇ ಸುರು ಮಾಡುವಾ ಅಂತ. ಯಾಕೆಂದರೆ ಅದು ನಮ್ಮ ಮಕ್ಕಳ ಕಥೆಯೂ ಹೌದು.

ಆ ಕಡೆಯ ಹಳ್ಳಿಯ ಮಾತಿನಲ್ಲಿ 'ಹ' ಎಂಬ ಸದ್ದು ನಿಲ್ಲುವುದಿಲ್ಲ. ಹಾಲು ಅಲ್ಲಿ 'ಆಲು'. ಹೂವು 'ಊವು'. ಹೋಗ್ತೀನಿ ಅನ್ನಲಿಕ್ಕೆ 'ಓಯ್ತೀನಿ'. ಮನೆಗೆ ಹಟ್ಟಿ ಅನ್ನುವುದು ಆ ಸೀಮೆಯ ವಾಡಿಕೆ, ಅದೂ ಬಾಯಲ್ಲಿ 'ಅಟ್ಟಿ'. ಊರಿನ ಹೆಸರೇ ಹಂಗಳ, ಮಾತಿಗೆ ಬಂದರೆ 'ಅಂಗ್ಳ'. ಒಂದನೇ ತರಗತಿಗೆ ಬಂದ ಮಗುವಿಗೆ ಬೋರ್ಡಿನ ಮೇಲೆ 'ಹ' ಬರೆದು ತೋರಿಸುತ್ತಾರೆ. ಅಕ್ಷರ ಕಣ್ಣಿಗೆ ಕಾಣುತ್ತದೆ, ಆದರೆ ಆ ಸದ್ದು ಮಗುವಿನ ಮನೆಯಲ್ಲಿ ಇಲ್ಲ. ಪುಸ್ತಕದಲ್ಲಿ 'ಹಾಲು' ಅಂತ ಉಂಟು, ಮಗು 'ಆಲು' ಅಂತ ಓದುತ್ತದೆ. ಮೇಷ್ಟ್ರು ತಡೆದು ತಿದ್ದುತ್ತಾರೆ, ಹಿಂದಿನ ಬೆಂಚಿನವರು ನಗುತ್ತಾರೆ.

ಮಗು ತಪ್ಪು ಓದಿತಾ? ನಾವು ಕೇಳುವ ಪ್ರಶ್ನೆ ಇಷ್ಟೇ. ಬರೆದದ್ದನ್ನು ನೋಡಿತು, ಅದು ಬಿಳಿ ಬಣ್ಣದ, ಕುಡಿಯುವ ವಸ್ತು ಎಂದು ಅದಕ್ಕೆ ಗೊತ್ತಾಯಿತು, ತನ್ನ ಅವ್ವ ಹೇಳುವ ಹಾಗೆ ಹೇಳಿತು. ಓದು ಎಂದರೆ ಅದೇ ಅಲ್ವಾ? ತಪ್ಪಾದದ್ದು ಉಚ್ಚಾರ, ಓದಲ್ಲ. ಆದರೆ ನಮ್ಮ ಶಾಲೆಗಳಲ್ಲಿ ಈ ಎರಡನ್ನು ಬೇರೆ ಮಾಡಿ ನೋಡುವ ಅಭ್ಯಾಸ ಕಡಿಮೆ. ನಾಲ್ಕು ಸಲ ತಡೆದ ಮೇಲೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಓದಲಿಕ್ಕೆ ಬರುವುದಿಲ್ಲ ಎಂದು ನಾವು ಬರೆದಿಡುತ್ತೇವೆ. ಅದೇ ಸೀಮೆಯ ಆಡುಮಾತಿನಲ್ಲಿ ಬರೆದ 'ಕುಸುಮಬಾಲೆ'ಗಾಗಿ ದೇವನೂರ ಮಹಾದೇವರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರ ಪುಸ್ತಕದಲ್ಲಿ ಪ್ರಶಸ್ತಿಗೆ ಅಡ್ಡಿಯಾಗದ ನುಡಿ ಎರಡನೇ ತರಗತಿಯಲ್ಲಿ ಕೆಂಪು ಶಾಯಿಗೆ ಸಿಕ್ಕಿಬೀಳುತ್ತದೆ.

ಈಗ ನಮ್ಮ ಮನೆಗೆ ಬನ್ನಿ. ಬ್ಯಾರಿ ಬಾಸೆಯಲ್ಲಿ 'ಣ'ಕ್ಕೂ 'ನ'ಕ್ಕೂ, 'ಳ'ಕ್ಕೂ 'ಲ'ಕ್ಕೂ ಇರುವ ವ್ಯತ್ಯಾಸ ಅಷ್ಟಾಗಿ ಉಳಿದಿಲ್ಲ. ಹಾಗಾಗಿ ನಮ್ಮ ಮಗು 'ಹಣ್ಣು' ಬರೆಯುವಲ್ಲಿ 'ಹನ್ನು' ಬರೆಯುತ್ತದೆ, 'ಮಳೆ' ಬರೆಯುವಲ್ಲಿ 'ಮಲೆ' ಬರೆಯುತ್ತದೆ. ಹಂಗಳದ ಮಗುವಿಗೆ 'ಹ' ಹೇಗೋ ನಮ್ಮ ಮಗುವಿಗೆ 'ಣ', 'ಳ' ಹಾಗೆ. ಒಂದು ವ್ಯತ್ಯಾಸ ಉಂಟು. ಹಂಗಳದ ಮಗುವಿನ ಮನೆಮಾತು ಕನ್ನಡವೇ, ಶಾಲೆಯ ಕನ್ನಡಕ್ಕಿಂತ ಸ್ವಲ್ಪ ದೂರದ ಕನ್ನಡ. ನಮ್ಮ ಮಗುವಿಗೆ ಶಾಲೆಯ ಕನ್ನಡ ಇನ್ನೊಂದು ಭಾಷೆಯೇ. ಅಲ್ಲೂ ಎಲ್ಲರಿಗೂ ಒಂದೇ ಮಾತಲ್ಲ. ಗುಂಡ್ಲುಪೇಟೆ ಪೇಟೆಯಲ್ಲಿ ಉರ್ದು ಮಾತಾಡುವ ನಮ್ಮವರ ಮನೆಗಳುಂಟು. ವಯನಾಡು ಹತ್ತಿರ ಇರುವುದರಿಂದ ಮಲಯಾಳವೂ ಕೇಳಿಸುತ್ತದೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ, ಸೋಲಿಗರ ಮಕ್ಕಳಿಗೆ ಅವರದೇ ನುಡಿ ಉಂಟು. ಶುಂಠಿ, ಕಾಫಿ ಕೆಲಸಕ್ಕೆಂದು ತಂದೆತಾಯಿ ಗಡಿ ದಾಟಿ ಹೋದಾಗ ಜೊತೆಗೆ ಹೋದ ಮಗು ತಿಂಗಳುಗಟ್ಟಲೆ ಶಾಲೆಯ ಮುಖ ನೋಡುವುದಿಲ್ಲ. ಮರಳಿ ಬರುವಾಗ ತರಗತಿ ಒತ್ತಕ್ಷರಕ್ಕೆ ಮುಟ್ಟಿರುತ್ತದೆ, ಮಗು ಇನ್ನೂ ಕಾಗುಣಿತದಲ್ಲೇ.

ಮೂರನೇ ತರಗತಿ ಎಂಬ ಗಡಿ

ನಮ್ಮ ಗುರುತಿನ ಒಂದು ಮನೆಯಲ್ಲಿ ಮೂರನೇ ಕ್ಲಾಸಿನ ಹುಡುಗಿ. ಇಂಗ್ಲಿಷ್ ಮೀಡಿಯಂ. ಪಾಠ ಓದು ಮೋಳೆ ಎಂದರೆ ಗಡಗಡ ಓದುತ್ತಾಳೆ. ಉಮ್ಮನಿಗೆ ಖುಷಿ. ಹತ್ತಿರ ಕೂತು ನೋಡಿದರೆ ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಬಾಯಿಪಾಠ. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂದರೆ ಮೊದಲಿನಿಂದ ಸುರು ಮಾಡಬೇಕು. ಕನ್ನಡ ಪುಸ್ತಕ ಕೊಟ್ಟರೆ ಒಂದೊಂದೇ ಅಕ್ಷರ ಹೇಳುತ್ತಾಳೆ: ಮ, ರ, ದ, ಮೇ, ಲೆ. ಏನಾಯ್ತು ಮರದ ಮೇಲೆ? ಗೊತ್ತಿಲ್ಲ. ಈ ಹುಡುಗಿಯ ಅಂಕಪಟ್ಟಿಯಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಇಂಥವರು ಯಾವ ಮನೆಯಲ್ಲಿ ಇಲ್ಲ ಹೇಳಿ?

ದೇಶದ ಲೆಕ್ಕವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿ ಮನೆಗಳಿಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸಿ ನೋಡುತ್ತದೆ. ಅದರ ವರದಿಗೆ ಅಸರ್ ಎಂದು ಹೆಸರು. ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ, ಇಷ್ಟೇ. ಗ್ರಾಮೀಣ ಭಾರತದ ಸರಕಾರಿ ಶಾಲೆಗಳ ಮೂರನೇ ತರಗತಿಯವರಲ್ಲಿ ಆ ಕಥೆ ಓದಬಲ್ಲವರು 2018ರಲ್ಲಿ ಶೇ 20.9 ಇದ್ದರು, 2022ರಲ್ಲಿ ಶೇ 16.3ಕ್ಕೆ ಇಳಿದರು, 2024ರಲ್ಲಿ ಶೇ 23.4ಕ್ಕೆ ಏರಿದರು. ಏರಿದ್ದು ಸಂತೋಷವೇ. ಆದರೆ ನಾಲ್ವರಲ್ಲಿ ಮೂವರಿಗೆ ಹಿಂದಿನ ವರ್ಷದ ಪುಸ್ತಕ ಓದಲಿಕ್ಕೆ ಬರುವುದಿಲ್ಲ ಎಂಬುದೂ ಅದೇ ಅಂಕಿಯ ಅರ್ಥ. ಐದನೇ ತರಗತಿಯಲ್ಲೂ ಎರಡನೇ ತರಗತಿಯ ಕಥೆ ಓದಬಲ್ಲವರು 2024ರಲ್ಲಿ ಶೇ 44.8.

ನಡುವೆ ಇಳಿದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಸರಿಯಾಗಿ ತರಗತಿಯಲ್ಲಿ ಕೂತದ್ದು ಎರಡನೇ ತರಗತಿಯ ನಡುವೆ. ಅಕ್ಷರ ಕಲಿಯುವ ವರ್ಷವೇ ಇಲ್ಲ. 'ವಿದ್ಯಾಗಮ' ಎಂದು ವಠಾರದಲ್ಲಿ, ಜಗಲಿಯಲ್ಲಿ ಪಾಠ ಮಾಡಿದ ಮೇಷ್ಟ್ರುಗಳನ್ನು ನಾವು ಮರೆಯಬಾರದು, ಆದರೆ ಅದು ಕೆಲವೇ ತಿಂಗಳಲ್ಲಿ ನಿಂತಿತು. 2022-23ರಲ್ಲಿ 'ಕಲಿಕಾ ಚೇತರಿಕೆ' ಬಂತು. ಆ ಮಕ್ಕಳು ಈಗ ಪ್ರಾಥಮಿಕದ ಮೇಲಿನ ತರಗತಿಯಲ್ಲಿ ಇದ್ದಾರೆ. ಇನ್ನು ಕೆಲವು ವರ್ಷಕ್ಕೆ ಎಸೆಸೆಲ್ಸಿ ಬರೆಯುತ್ತಾರೆ. ಆಗ ಫಲಿತಾಂಶ ಇಳಿದರೆ ಮೊಬೈಲಿನ ಮೇಲೆ ಗೂಬೆ ಕೂರಿಸುವ ಮೊದಲು ಈ ಲೆಕ್ಕ ನೆನಪಿರಲಿ.

ಮೂರನೇ ತರಗತಿಯನ್ನೇ ಯಾಕೆ ಹಿಡಿದುಕೊಳ್ಳುತ್ತಾರೆ ಎಂದರೆ, ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ, ನಾಲ್ಕರಿಂದ ಮುಂದೆ ಓದಿ ಕಲಿಯಬೇಕು. ಪರಿಸರ ಅಧ್ಯಯನವೋ ಗಣಿತದ ಲೆಕ್ಕವೋ, ಎಲ್ಲವೂ ವಾಕ್ಯಗಳಲ್ಲೇ ಬರುತ್ತವೆ. ಓದು ಬಾರದ ಮಗುವಿಗೆ ನಾಲ್ಕನೇ ತರಗತಿಯಲ್ಲಿ ಒಂದಲ್ಲ, ನಾಲ್ಕು ವಿಷಯ ಒಟ್ಟಿಗೆ ಕೈತಪ್ಪುತ್ತವೆ. ಕೇಂದ್ರ ಸರಕಾರ 2021ರ ಜುಲೈಯಲ್ಲಿ 'ನಿಪುಣ್ ಭಾರತ್' ಎಂದು ಹೇಳಿ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಎಲ್ಲ ಮಕ್ಕಳಿಗೂ ಅರ್ಥ ತಿಳಿದು ಓದು ಬರಬೇಕು ಎಂದು ಗುರಿ ಇಟ್ಟಿತು. ನಿಮಿಷಕ್ಕೆ 60 ಪದ ಎಂಬ ಅಳತೆಯೂ ಉಂಟು. ಕನ್ನಡಕ್ಕೆ ಈ 60 ಅಷ್ಟು ಸರಿ ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಿಂದಿಯಲ್ಲಿ ಮೂರು ಪದದಲ್ಲಿ ಹೇಳುವುದನ್ನು ಕನ್ನಡ 'ಮನೆಯಲ್ಲಿದ್ದವರಿಗೂ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಳತೆ ಏನೇ ಇರಲಿ, ಒಳಗಿನ ವಿಚಾರ ನಿಜ. ಪದ ಪದಕ್ಕೂ ನಿಂತರೆ ಸಾಲಿನ ಕೊನೆ ಮುಟ್ಟುವಾಗ ಮಗುವಿಗೆ ಸಾಲಿನ ಸುರು ಮರೆತಿರುತ್ತದೆ.

ಪಕ್ಕದ ತಾಲೂಕಿನಲ್ಲಿ ನಡೆದದ್ದು

ಹಂಗಳದಿಂದ ಕಾಡಿನ ಆಚೆ ಬದಿಗೆ ಹೆಗ್ಗಡದೇವನಕೋಟೆ ತಾಲೂಕು. ರಾಜ್ಯದ ಸರಕಾರಿ ಶಾಲೆಗಳಲ್ಲಿ ಈಗ ಎಲ್ಲ ಕಡೆ ಕಾಣುವ 'ನಲಿ ಕಲಿ' ಹುಟ್ಟಿದ್ದು ಅಲ್ಲಿ, 1995ರಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳಲ್ಲಿ ಕಾರ್ಡುಗಳನ್ನಿಟ್ಟು ಕಲಿಸುತ್ತಿದ್ದರು. ಅದನ್ನು ಕೋಟೆ ತಾಲೂಕಿನ ಕೆಲವು ಮೇಷ್ಟ್ರು, ಮೇಡಂಗಳು ಹೋಗಿ ನೋಡಿಕೊಂಡು ಬಂದರು. ಯುನಿಸೆಫ್ ನೆರವು ಸಿಕ್ಕಿತು. ಬೆಂಗಳೂರಿನ ಕಚೇರಿಯಿಂದ ಇಳಿದು ಬಂದದ್ದಲ್ಲ, ಬ್ಲಾಕಿನ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. ಕೊನೆಗೆ 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ಅವರು ಮಾಡಿದ ಒಂದು ಸಣ್ಣ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಾವೆಲ್ಲ ಕಲಿತದ್ದು ಅ, ಆ, ಇ, ಈ ಎಂಬ ಸಾಲಿನಲ್ಲಿ. 49 ಅಕ್ಷರ ಮುಗಿಸಿ, ಕಾಗುಣಿತ ಮುಗಿಸಿ, ಒತ್ತಕ್ಷರ ಮುಗಿಸಿ ಆಮೇಲೆ ಓದು. ಕಾಗುಣಿತವೊಂದೇ ಲೆಕ್ಕ ಹಾಕಿದರೆ 34 ವ್ಯಂಜನಕ್ಕೆ ಸ್ವರ ಸೇರಿ ನಾನೂರು ರೂಪ ದಾಟುತ್ತದೆ. ಒತ್ತಕ್ಷರ ಬೇರೆ. ಇದೆಲ್ಲ ಮುಗಿಯುವವರೆಗೆ ಮಗುವಿಗೆ ಓದಲಿಕ್ಕೆ ಏನೂ ಇಲ್ಲ. ನಲಿ ಕಲಿಯಲ್ಲಿ ಮೊದಲು ಕೊಡುವುದು ರ, ಗ, ಸ, ದ, ಅ. ಯಾಕೆ ಇವೇ? ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ. ಮುಖ್ಯ ಸಂಗತಿ ಇನ್ನೊಂದು. ಈ ಐದೇ ಅಕ್ಷರದಲ್ಲಿ ಸರ ಆಗುತ್ತದೆ, ಅರಸ ಆಗುತ್ತದೆ, ಅಗಸ ಆಗುತ್ತದೆ, ಗರಗಸ ಆಗುತ್ತದೆ. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಆರು ವರ್ಷದ ಮಗು 'ಗರಗಸ' ಎಂದು ಓದಿ, ಅದು ಬಡಗಿಯ ಕೈಯಲ್ಲಿರುವ ವಸ್ತು ಎಂದು ತಿಳಿದು, ಓಹೋ ನಾನು ಓದಿದೆ ಎಂದು ಹಿಗ್ಗಬಹುದು. ಆ ಹಿಗ್ಗಿಗೆ ಬೆಲೆ ಕಟ್ಟಲಿಕ್ಕಾಗುವುದಿಲ್ಲ.

ಇನ್ನೊಂದು, ಕೆಳಗೆ ಮಗುವಿನ ಕೈಗೆ ಎಟಕುವ ಹಾಗೆ ಗೋಡೆಯುದ್ದಕ್ಕೂ ಕಪ್ಪುಹಲಗೆ. ಬರೆಯುವುದು ಮೇಷ್ಟ್ರ ಕೆಲಸ ಮಾತ್ರ ಅಲ್ಲ ಎಂದು ಗೋಡೆಯೇ ಹೇಳುತ್ತದೆ. ಮೂರು ತರಗತಿಯವರು ಒಟ್ಟಿಗೆ ಕೂತು, ಕಲಿಕಾ ಏಣಿ ನೋಡಿಕೊಂಡು, ತಮ್ಮ ಮೆಟ್ಟಿಲಿನ ಕಾರ್ಡು ತಾವೇ ತೆಗೆದುಕೊಳ್ಳುತ್ತಾರೆ. ತಿಂಗಳು ಕೆಲಸಕ್ಕೆ ಹೋಗಿ ಮರಳಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ವಲಸೆ ಹೋಗುವ ಮನೆಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಮೂರನೇ ತರಗತಿಯಲ್ಲಿ ಓದು ಇನ್ನೂ ಯಾಕೆ ನಿಲ್ಲುತ್ತದೆ? ನಮಗೆ ಕಾಣುವ ಒಂದು ಉತ್ತರ: ಮೇಷ್ಟ್ರುಗಳೇ ತಮ್ಮ ಮಕ್ಕಳಿಗಾಗಿ ಬರೆದ ಕಾರ್ಡು ಬೇರೆ, ಇಡೀ ರಾಜ್ಯಕ್ಕೆ ಅಚ್ಚಾಗಿ ಬಂದ ಕಾರ್ಡು ಬೇರೆ. ಹಲವು ಕಡೆ ಕಾರ್ಡು ಮುಗಿಸುವುದೇ ಕೆಲಸವಾಗಿ, ಮಗು ಕಥೆ ಕೇಳುವುದಕ್ಕೆ, ಮಾತಾಡುವುದಕ್ಕೆ ಹೊತ್ತು ಉಳಿಯುವುದಿಲ್ಲ. ಶೈಲಜಾ ಮೆನನ್ ಮತ್ತು ಸಂಗಡಿಗರು 2011ರಿಂದ 2016ರ ನಡುವೆ ನಮ್ಮ ಯಾದಗಿರಿಯಲ್ಲಿ ಮತ್ತು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಅದೇ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿ ನೋಡಿದರು. ತರಗತಿಯ ಬಹುಪಾಲು ಸಮಯ ಅಕ್ಷರಕ್ಕೂ ನೋಡಿ ಬರೆಯುವುದಕ್ಕೂ ಹೋಗುತ್ತದೆ, ಅರ್ಥಕ್ಕೆ ಸಿಗುವುದು ತೀರಾ ಕಡಿಮೆ ಎಂಬುದು ಅವರಿಗೆ ಕಂಡದ್ದು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸತ್ಯ ಹೇಳುತ್ತದೆ: ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗುವ ಹೊತ್ತಿಗೆ ಮಗು ನಾಲ್ಕನೇ ತರಗತಿ ಮುಟ್ಟಿರುತ್ತದೆ. ಇದು ಮಗುವಿನ ದಡ್ಡತನವಲ್ಲ, ಲಿಪಿಯ ಸ್ವಭಾವ. ಇಂಗ್ಲಿಷಿನ 26ರ ಜೊತೆ ಹೋಲಿಸಿ 'ಇಷ್ಟು ದಿನವಾದರೂ ಬರುದಿಲ್ಲವಾ' ಎಂದು ಬಯ್ಯುವ ಉಮ್ಮ ಬಾಪ ಇದನ್ನು ಒಮ್ಮೆ ಯೋಚಿಸಬೇಕು. ಅಕ್ಷರವೆಲ್ಲ ಮುಗಿಯಲಿ, ಆಮೇಲೆ ಓದು ಎಂದು ಕಾದರೆ ನಾಲ್ಕನೇ ತರಗತಿಯೇ ಬಂದುಬಿಡುತ್ತದೆ. ಬಂದಷ್ಟು ಅಕ್ಷರದಲ್ಲೇ ಓದಬೇಕು.

ನಮ್ಮ ಜಿಲ್ಲೆ ಮೊದಲ ಸ್ಥಾನ, ಹೌದು

ಕರಾವಳಿಯವರಿಗೆ ಇದೆಲ್ಲ ಎಂತದಕ್ಕೆ ಎಂದು ಕೇಳುವವರಿದ್ದಾರೆ. 2025ರ ಎಸೆಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12 ತೆಗೆದು ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. ಅದರ ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಸರಿ. ಮಕ್ಕಳಿಗೂ ಮೇಷ್ಟ್ರುಗಳಿಗೂ ಅಭಿನಂದನೆ. ನಮ್ಮ ಸಂಘಟನೆಗಳು ಹಾಲ್ ಬುಕ್ ಮಾಡಿ, ಶಾಲು ಹೊದಿಸಿ, ಫಲಕ ಕೊಟ್ಟು, ಬಿರಿಯಾನಿ ಹಾಕಿ ಸನ್ಮಾನ ಮಾಡುತ್ತವೆ. ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಎಂಟರಲ್ಲಿ, ಒಂಬತ್ತರಲ್ಲಿ ಶಾಲೆ ಬಿಟ್ಟು ಮೀನಿನ ಲಾರಿ ಹತ್ತಿದ ಹುಡುಗ, ಬಟ್ಟೆಯಂಗಡಿಗೆ ಸೇರಿದ ಹುಡುಗ ಆ ಶೇಕಡಾವಾರಿನಲ್ಲಿ ಬರುವುದಿಲ್ಲ. ಅವನ ಶಾಲೆ ಕಷ್ಟವಾಗಲು ಸುರುವಾದದ್ದು ಒಂಬತ್ತರಲ್ಲಿ ಅಲ್ಲ, ಎರಡು ಮೂರರಲ್ಲಿ. ಹತ್ತನೇ ತರಗತಿಯ ಸನ್ಮಾನಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ಎರಡನೇ ತರಗತಿಯ ಕಥೆಪುಸ್ತಕಕ್ಕೆ ಹೋದರೆ ಯಾರೂ ಫೋಟೊ ತೆಗೆಯುವುದಿಲ್ಲ, ಅದೇ ತೊಂದರೆ.

ಈ ನಡುವೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು, ಎರಡು ಭಾಷೆ ಸಾಕು ಎಂಬುದು ಅದರ ಶಿಫಾರಸು. ಪರ ವಿರೋಧ ಚರ್ಚೆ ಜೋರು. ನಮ್ಮಲ್ಲಿ ಕೇಳಿಬರುವ ಪ್ರಶ್ನೆ ಬೇರೆ: ಮಾತೃಭಾಷೆ ಎಂದರೆ ನಮಗೆ ಯಾವುದು? ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಬಂತು, ಬ್ಯಾರಿ ಸಿನೆಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು, ಆದರೆ ಒಂದನೇ ತರಗತಿಯ ಗಣಿತವನ್ನು ಬ್ಯಾರಿಯಲ್ಲಿ ಕಲಿಸುವ ಶಾಲೆ ನಮಗೆ ಬೇಕು ಎಂದು ಯಾರೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಬೇಕಾದದ್ದು ಅದಕ್ಕಿಂತ ಸುಲಭ. ಮೇಡಂ 'ಮೀನು' ಕಲಿಸುವಾಗ ಮಗು 'ಮೀನ್' ಅಂದರೆ ಸುಮ್ಮನಿರು ಅನ್ನದೆ, ಹೌದು ಮೀನ್, ಇಲ್ಲಿ ಮೀನು ಅಂತ ಬರೆದಿದ್ದಾರೆ ಎಂದರಾಯಿತು. ಮನೆಮಾತನ್ನು ಮೆಟ್ಟಿಲು ಮಾಡಿಕೊಂಡು ಕನ್ನಡಕ್ಕೆ ಹತ್ತುವುದು. ಹಂಗಳದಲ್ಲಿ 'ಆಲು' ಅಂದ ಮಗುವಿಗೂ, ಗುಂಡ್ಲುಪೇಟೆಯಲ್ಲಿ 'ದೂದ್' ಅಂದ ಮಗುವಿಗೂ ಇದೇ ದಾರಿ. ಇಂಗ್ಲಿಷ್ ಮೀಡಿಯಂಗೆ ಹಾಕುವ ತಂದೆತಾಯಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಗಲ್ಫಿನಲ್ಲಿ ದುಡಿದವರಿಗೆ ಇಂಗ್ಲಿಷಿನ ಬೆಲೆ ಗೊತ್ತು. ಆದರೆ ಯಾವ ಭಾಷೆಯಲ್ಲೂ ಓದು ಗಟ್ಟಿಯಾಗದ ಮಗುವಿನ ಮೇಲೆ ಮೂರನೇ ಭಾಷೆ ಹೊರಿಸಿದರೆ ಇಂಗ್ಲಿಷೂ ಬರುವುದಿಲ್ಲ. ಒಂದರಲ್ಲಿ ಚೆನ್ನಾಗಿ ಓದಬಲ್ಲವನಿಗೆ ಇನ್ನೊಂದು ಬೇಗ ಬರುತ್ತದೆ.

ನಮ್ಮ ಮಗುವಿನ ದಿನವನ್ನೇ ನೋಡಿ. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ. ಹಲವು ಕಡೆ ಅದೇ ಲಿಪಿಯಲ್ಲಿ ಬರೆದ ಮಲಯಾಳ. ಹತ್ತು ಗಂಟೆಗೆ ಎಡದಿಂದ ಬಲಕ್ಕೆ ಕನ್ನಡ, ಮತ್ತೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ. ಆರು ವರ್ಷದ ತಲೆ ಇಷ್ಟನ್ನೂ ಹೊರುತ್ತದೆ ಎಂದರೆ ಅದನ್ನು ದಡ್ಡ ಎನ್ನಲು ಬಾಯಿ ಹೇಗೆ ಬರುತ್ತದೆ? ಮದ್ರಸದ ಒಂದು ಒಳ್ಳೆಯ ಪದ್ಧತಿಯನ್ನು ನಾವೇ ಗಮನಿಸಿಲ್ಲ. ಅಲ್ಲಿ ಪ್ರತಿ ಮಗು ಒಬ್ಬೊಬ್ಬರಾಗಿ ಉಸ್ತಾದರ ಎದುರು ಕೂತು ಓದಿ ಒಪ್ಪಿಸಬೇಕು. ಉಸ್ತಾದರು ಕಿವಿಗೊಟ್ಟು ಕೇಳುತ್ತಾರೆ, ತಪ್ಪಿದ ಕಡೆ ನಿಲ್ಲಿಸಿ ಸರಿ ಮಾಡುತ್ತಾರೆ, ಸರಿಯಾಗದೆ ಮುಂದಿನ ಪಾಠವಿಲ್ಲ. ಶಾಲೆಯಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ರಾಗ ಎಳೆದು ಓದುತ್ತಾರೆ. ಅದರಲ್ಲಿ ಹತ್ತು ಮಕ್ಕಳು ಬರೀ ತುಟಿ ಅಲ್ಲಾಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗು ಓದುವುದನ್ನು ದಿನಕ್ಕೆ ಐದು ನಿಮಿಷ ಒಬ್ಬ ದೊಡ್ಡವರು ಕೂತು ಕೇಳುವುದು, ಇದಕ್ಕೆ ಸಮನಾದ ಮದ್ದು ಬೇರೆ ಇಲ್ಲ. ಅರ್ಥ ತಿಳಿಯದೆ ಓದಿದರೂ ಕುರ್‌ಆನ್ ಪಾರಾಯಣಕ್ಕೆ ಅದರದೇ ಪುಣ್ಯ ಉಂಟು, ಆ ಲೆಕ್ಕ ಬೇರೆ. ಅದೇ ಅಭ್ಯಾಸವನ್ನು ಮಗು ಕನ್ನಡದ ಪಾಠಕ್ಕೂ ತಂದು, ಸದ್ದು ಬಂತಲ್ಲ ಸಾಕು ಎಂದುಕೊಂಡರೆ ಮಾತ್ರ ತೊಂದರೆ. ಅದನ್ನು ಬಿಡಿಸಿ ಹೇಳಬೇಕಾದವರು ನಾವು.

ಬರೆಯುವುದು ಎಂದರೆ ಕಾಪಿ ಅಲ್ಲ

ಓದಿನಷ್ಟೇ ಪೆಟ್ಟು ತಿಂದದ್ದು ಬರವಣಿಗೆ. ಮನೆಗೆಲಸ ಎಂದರೆ ನೋಡಿ ಬರೆ, ಹತ್ತು ಸಲ ಬರೆ, ಅಕ್ಷರ ದುಂಡಗಿರಲಿ. ಹತ್ತು ಸಲ ಬರೆಯುವ ಮಗು ಏಳನೇ ಸಲಕ್ಕೆ ಮೇಲಿನಿಂದ ಕೆಳಗೆ ಒಂದೊಂದೇ ಅಕ್ಷರ ಇಳಿಸುತ್ತದೆ. ನಾವೂ ಹಾಗೇ ಮಾಡಿದವರು. ಕೈ ದುಂಡಗಾಗುತ್ತದೆ, ಆದರೆ ತಲೆಯಲ್ಲಿರುವ ಒಂದು ವಾಕ್ಯವನ್ನು ಕಾಗದಕ್ಕೆ ತರುವುದು ಬರುವುದಿಲ್ಲ. ಅದರ ಬದಲು ಚೆಂಡುಹೂವಿನ ಹೊಲದ ಮಗುವಿಗೆ ನಿನ್ನೆ ಏನು ನೋಡಿದೆ, ಚಿತ್ರ ಬರೆದು ಕೆಳಗೆ ಎರಡು ಸಾಲು ಹಾಕು ಅನ್ನಿ. ಆನೆ ಬಂದು ಬೆಳೆ ತಿಂದದ್ದನ್ನು ಅದು ಬರೆಯುತ್ತದೆ. 'ಆನೆ ಬಂತು ಅಪ್ಪ ಕೂಗ್ದ' ಎಂದು ಬರೆದರೆ ಆ ದಿನ ಕೆಂಪು ಶಾಯಿ ಮುಟ್ಟಬಾರದು. ನಾಳೆ ಅದನ್ನೇ ಬೋರ್ಡಿನಲ್ಲಿ ಪುಸ್ತಕದ ಕನ್ನಡದಲ್ಲಿ ಬರೆದು, ಎಲ್ಲರಿಂದ ಓದಿಸಿದರೆ ಆಯಿತು. ನಮ್ಮ ಕಡೆಯ ಮಗು ಬಂದರಿನ ಬೋಟು ಬರೆಯಲಿ, ಪೆರ್ನಾಲಿನ ದಿನ ಬರೆಯಲಿ. ತಾನು ಬರೆದದ್ದನ್ನು ಬೇರೆಯವರು ಓದುತ್ತಾರೆ ಎಂದು ತಿಳಿದ ಮಗುವಿಗೆ 'ಣ' ಎಲ್ಲಿ, 'ನ' ಎಲ್ಲಿ ಎಂದು ಕೇಳುವ ಅಗತ್ಯ ತಾನಾಗಿ ಬರುತ್ತದೆ.

ಪುಸ್ತಕ ಎಲ್ಲಿಂದ ಎಂದು ಕೇಳಬೇಡಿ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತ್ ಗ್ರಂಥಾಲಯಗಳಿವೆ, ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. 2020ರಲ್ಲಿ ಸುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್'ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಮಟ್ಟಕ್ಕೆ ತಕ್ಕ ಹಾಗೆ ನಾಲ್ಕು ವಿಭಾಗದಲ್ಲಿ ಉಂಟು, ದುಡ್ಡಿಲ್ಲ. ರೀಲ್ಸ್ ನೋಡುವ ಅದೇ ಮೊಬೈಲಿನಲ್ಲಿ ತೆರೆಯುತ್ತದೆ. ನಾಲ್ಕು, ಐದನೇ ತರಗತಿಯಲ್ಲಿ ಹಿಂದೆ ಉಳಿದವರಿಗೆ ಸರಕಾರಿ ಶಾಲೆಗಳಲ್ಲಿ 'ಓದು ಕರ್ನಾಟಕ' ಎಂಬ ಕಾರ್ಯಕ್ರಮ ನಡೆದದ್ದುಂಟು. ತರಗತಿ ನೋಡದೆ ಮಗುವಿನ ಮಟ್ಟ ನೋಡಿ ಗುಂಪು ಮಾಡಿ ಕಲಿಸುವುದು ಅದರ ಕ್ರಮ. ನಿಮ್ಮ ಮಕ್ಕಳ ಶಾಲೆಯಲ್ಲಿ ಈಗ ಅದು ಇದೆಯಾ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳುವ ಹಕ್ಕು ನಿಮಗುಂಟು. ಆ ಸಭೆಗೆ ನಮ್ಮ ಗಂಡಸರು ಹೋಗುವುದು ಕಡಿಮೆ, ಹೆಂಗಸರು ಹೋದರೆ ಮಾತಾಡುವುದು ಕಡಿಮೆ.

ಓದು ಬಾರದ ಉಮ್ಮ ಏನು ಮಾಡಬೇಕು? ಕಾಡಂಚಿನ ಹಾಡಿಯ ಅವ್ವನೂ ಇದನ್ನೇ ಕೇಳಿಯಾಳು. ಕೇಳುವುದಕ್ಕೆ ಓದು ಬೇಕಿಲ್ಲ. ಮಗು ಓದಿದ ಮೇಲೆ 'ಎಂತ ಆಯ್ತು ಅದರಲ್ಲಿ, ನಿನ್ನ ಮಾತಿನಲ್ಲಿ ಹೇಳು' ಎಂದು ಮನೆಮಾತಿನಲ್ಲಿ ಕೇಳಿದರೆ ಸಾಕು. ಮಗು ಬ್ಯಾರಿಯಲ್ಲಿ ಆ ಕಥೆ ಹೇಳಿತಾ, ಅದಕ್ಕೆ ಓದು ಬಂದಿದೆ. ತಡವರಿಸಿತಾ, ಅಕ್ಷರ ಮಾತ್ರ ಬಂದಿದೆ. ಇದಕ್ಕಿಂತ ಸರಿಯಾದ ಪರೀಕ್ಷೆ ಇಲಾಖೆಯಲ್ಲೂ ಇಲ್ಲ.

ಇವತ್ತು ಈ ಪುಟ ಓದಿ ಮಡಚುವ ಮೊದಲು ಮನೆಯ ಎರಡೋ ಮೂರೋ ಕ್ಲಾಸಿನ ಮಗುವನ್ನು ಹತ್ತಿರ ಕರೆಯಿರಿ. ಪಾಠದ ಪುಸ್ತಕ ಬೇಡ, ಅದು ಬಾಯಿಪಾಠ ಆಗಿರಬಹುದು. ಈ ಪತ್ರಿಕೆಯಲ್ಲೇ ಒಂದು ಸಣ್ಣ ಸುದ್ದಿ ಆರಿಸಿ ನಾಲ್ಕು ಸಾಲು ಓದಿಸಿ. ಓದಿ ಮುಗಿಯುವವರೆಗೆ ತಿದ್ದಬೇಡಿ. 'ಮಳೆ'ಯನ್ನು 'ಮಲೆ' ಅಂದರೂ ಸುಮ್ಮನಿರಿ. ಆಮೇಲೆ ಎಂತ ಸುದ್ದಿ ಅದು ಎಂದು ಕೇಳಿ.